ಮಂಡಿ ನೋವಿಗೆ ಸೂಜಿ: ಫಿಸಿಯೋಥೆರಪಿಯ ಜೊತೆ ಅಕ್ಯುಪಂಕ್ಚರ್‌ಗೆ ಇರುವ ಜಾಗ ಎಷ್ಟು?

ಮಂಡಿ ನೋವಿಗೆಂದು ಫಿಸಿಯೋಥೆರಪಿ ಆರಂಭಿಸಿದ ಅನೇಕರಿಗೆ ಒಂದೆರಡು ವಾರ ಕಳೆಯುವಷ್ಟರಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಇದರ ಜೊತೆಗೆ ಅಕ್ಯುಪಂಕ್ಚರನ್ನೂ ಮಾಡಿಸಿಕೊಳ್ಳಬಹುದೇ? ಕೆಲವೊಮ್ಮೆ ಇದನ್ನು ಚಿಕಿತ್ಸೆ ನೀಡುವವರೇ ಸೂಚಿಸುತ್ತಾರೆ. ಇನ್ನು ಕೆಲವೊಮ್ಮೆ ನೆಂಟರೋ ನೆರೆಯವರೋ ‘ನನಗೆ ಹತ್ತು ಸಿಟ್ಟಿಂಗ್‌ನಲ್ಲಿ ನೋವು ಹೋಯಿತು’ ಎಂದು ಹೇಳಿ ಕಳುಹಿಸುತ್ತಾರೆ. ಇದಕ್ಕೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಎರಡು ಬಗೆಯವು. ಸಾವಿರಾರು ವರ್ಷಗಳ ವಿದ್ಯೆ, ಅದನ್ನು ಪ್ರಶ್ನಿಸಬಾರದು ಎನ್ನುವವರು ಒಂದು ಕಡೆ. ಅದೆಲ್ಲ ಬರೀ ನಂಬಿಕೆ, ದುಡ್ಡು ದಂಡ ಎನ್ನುವವರು ಇನ್ನೊಂದು ಕಡೆ. ನೋವು ತಿನ್ನುತ್ತಿರುವವರಿಗೆ ಇವೆರಡರಿಂದಲೂ ಉಪಯೋಗವಿಲ್ಲ. ಸೂಜಿಯಿಂದ ಏನು ಸಿಗುತ್ತದೆ, ಎಷ್ಟು ದಿನ ಸಿಗುತ್ತದೆ, ಅದರಿಂದ ವ್ಯಾಯಾಮಕ್ಕೆ ಅನುಕೂಲವಾಗುತ್ತದೆಯೇ ಅಥವಾ ವ್ಯಾಯಾಮದ ಜಾಗವನ್ನೇ ಅದು ಕಬಳಿಸಿಬಿಡುತ್ತದೆಯೇ ಎಂಬುದನ್ನು ಅವರು ತಿಳಿಯಬೇಕಾಗಿದೆ. ಈ ಲೇಖನದ ಕಾಳಜಿ ಅಷ್ಟೇ. ಬೆನ್ನು, ಕುತ್ತಿಗೆ, ಭುಜದ ನೋವುಗಳಿಗೂ ಇದರ ಬಹುಭಾಗ ಅನ್ವಯಿಸುತ್ತದೆಯಾದರೂ ಮಂಡಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಫಿಸಿಯೋಥೆರಪಿಯ ಜೊತೆಗೆ ಅಕ್ಯುಪಂಕ್ಚರ್ ಸೇರಿಸಿದರೆ ಹೆಚ್ಚಿನ ಲಾಭವಿದೆಯೇ ಎಂಬ ಪ್ರಶ್ನೆಯನ್ನು ಅತ್ಯಂತ ನೇರವಾಗಿ ಪರೀಕ್ಷಿಸಿದ ಅಧ್ಯಯನಗಳಲ್ಲೊಂದು ಮಂಡಿಯ ಮೇಲೆಯೇ ನಡೆದಿದೆ.

ಸವೆದ ಮಂಡಿಯಲ್ಲಿ ನಡೆಯುವುದೇನು

ಮಂಡಿಯ ಎಕ್ಸ್‌ರೇ ನೋಡಿ ‘ಮೂಳೆ ಸವೆದಿದೆ’ ಎಂದು ಹೇಳುವುದು ವಾಡಿಕೆ. ಆರಂಭದಲ್ಲಿ ತೆಳುವಾಗುವುದು ಮೂಳೆಯಲ್ಲ, ಅದರ ತುದಿಯನ್ನು ಹೊದ್ದಿರುವ ಮೃದ್ವಸ್ಥಿ; ಅದರೊಂದಿಗೆ ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು, ಮೂಳೆಯ ಅಂಚು ಎಲ್ಲವೂ ನಿಧಾನವಾಗಿ ಬದಲಾಗುತ್ತವೆ. ಆದರೆ ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಕ್ಕೆ ಬರುವ ನೋವಿಗೂ ನೇರ ಲೆಕ್ಕಾಚಾರವಿಲ್ಲ. ಹೆಚ್ಚು ಸವೆತವಿದ್ದೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿದ್ದಾರೆ; ಅಲ್ಪ ಸವೆತವಿದ್ದೂ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲಾಗದವರಿದ್ದಾರೆ.

ಈ ವ್ಯತ್ಯಾಸಕ್ಕೆ ಒಂದು ಕಾರಣ ತೊಡೆಯ ಮುಂಭಾಗದ ದೊಡ್ಡ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್. ಕೀಲಿನಲ್ಲಿ ನೋವು ಅಥವಾ ಬಾವು ಇದ್ದಾಗ ಅಲ್ಲಿಂದ ಬೆನ್ನುಹುರಿಗೆ ಹೋಗುವ ಸಂಕೇತಗಳು ಈ ಸ್ನಾಯುವಿಗೆ ಬರುವ ಆಜ್ಞೆಯನ್ನು ತಗ್ಗಿಸಿಬಿಡುತ್ತವೆ. ರೋಗಿ ಎಷ್ಟೇ ಮನಸ್ಸು ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಬಳಕೆ ಕಡಿಮೆಯಾದಂತೆ ಸ್ನಾಯು ಬಡವಾಗುತ್ತದೆ, ಅದು ಹೊರಬೇಕಾದ ಭಾರ ಕೀಲಿನ ಮೇಲೆ ಬೀಳುತ್ತದೆ, ನೋವು ಇನ್ನಷ್ಟು ಹೆಚ್ಚುತ್ತದೆ. ಫಿಸಿಯೋಥೆರಪಿಯ ಪ್ರಧಾನ ಕೆಲಸ ಈ ಸುತ್ತನ್ನು ಮುರಿಯುವುದು: ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಹಂತಹಂತವಾಗಿ ಬಲಪಡಿಸುವುದು, ಮಂಡಿ ಮಡಚುವ ಮತ್ತು ನೀಡುವ ವ್ಯಾಪ್ತಿಯನ್ನು ಉಳಿಸುವುದು, ನಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು, ತೂಕದ ಬಗ್ಗೆ ತಿಳಿಹೇಳುವುದು. ‘ಕರೆಂಟ್ ಕೊಡುವುದು’, ಶಾಖ, ವ್ಯಾಕ್ಸ್, ಅಲ್ಟ್ರಾಸೌಂಡ್ ಮೊದಲಾದವು ಈ ಕೆಲಸಕ್ಕೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ. ಅವುಗಳನ್ನೇ ಫಿಸಿಯೋಥೆರಪಿ ಎಂದು ತಿಳಿದು, ಯಂತ್ರದ ಮುಂದೆ ಹದಿನೈದು ದಿನ ಮಲಗಿ ಎದ್ದು, ವ್ಯಾಯಾಮವನ್ನು ಕಲಿಯದೆಯೇ ಮನೆಗೆ ಮರಳುವವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಇಲ್ಲೇ ಒಂದು ತೊಡಕಿದೆ. ನೋವಿದ್ದರೆ ವ್ಯಾಯಾಮ ಮಾಡಲಾಗದು, ವ್ಯಾಯಾಮ ಮಾಡದಿದ್ದರೆ ನೋವು ಇಳಿಯದು. ಈ ತೊಡಕಿನಿಂದ ಹೊರಬರಲು ಮೊದಲ ಕೆಲವು ವಾರಗಳಲ್ಲಿ ನೋವನ್ನು ಸ್ವಲ್ಪ ಇಳಿಸಿಕೊಡುವ ಯಾವುದಾದರೂ ಉಪಾಯ ಬೇಕಾಗುತ್ತದೆ. ಮಾತ್ರೆ ಅಂಥದ್ದೊಂದು ಉಪಾಯ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಹೃದಯದ ಕಾಯಿಲೆಯಿಂದಾಗಿ ನೋವಿನ ಮಾತ್ರೆ ನುಂಗಲಾಗದ ಹಿರಿಯರಿಗೆ ಬೇರೆ ದಾರಿ ಬೇಕು. ಅಕ್ಯುಪಂಕ್ಚರ್ ಚರ್ಚೆಗೆ ಬರುವುದು ಈ ಸ್ಥಳದಲ್ಲಿ.

ಸೂಜಿ ಮತ್ತು ಅದರ ಹಿಂದಿನ ಕಥೆ

ಅಕ್ಯುಪಂಕ್ಚರ್ ಸೂಜಿ ಇಂಜೆಕ್ಷನ್ ಸೂಜಿಯಂಥದ್ದಲ್ಲ. ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳಾಗಿದ್ದು ತುದಿ ಓರೆಯಾಗಿ ಕತ್ತರಿಸಿದಂತಿರುತ್ತದೆ, ಚರ್ಮವನ್ನು ಕೊಯ್ದುಕೊಂಡು ಒಳಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿಯಾದರೋ ಗಟ್ಟಿಯಾದ ಉಕ್ಕಿನ ಎಳೆ, ಸಾಮಾನ್ಯವಾಗಿ 0.20ರಿಂದ 0.30 ಮಿಲಿಮೀಟರ್ ದಪ್ಪ, ಅಂದರೆ ಸಾಧಾರಣ ಇಂಜೆಕ್ಷನ್ ಸೂಜಿಯ ಅರ್ಧದಷ್ಟು ಅಥವಾ ಅದಕ್ಕಿಂತ ತೆಳು. ಅದರ ಮೂಲಕ ಯಾವ ಔಷಧವೂ ದೇಹದೊಳಗೆ ಹೋಗುವುದಿಲ್ಲ. ಮಂಡಿ ನೋವಿಗೆ ಮಂಡಿಯ ಸುತ್ತ ಮತ್ತು ಮೊಣಕಾಲಿನ ಕೆಳಗೆ ಆರರಿಂದ ಹತ್ತರಷ್ಟು ಸೂಜಿಗಳನ್ನು ಹಾಕಿ, ಇಪ್ಪತ್ತರಿಂದ ಮೂವತ್ತು ನಿಮಿಷ ಹಾಗೆಯೇ ಬಿಟ್ಟು, ಆಗಾಗ ಬೆರಳಿನಿಂದ ತಿರುಗಿಸುವುದುಂಟು. ತಿರುಗಿಸಿದಾಗ ಚುಚ್ಚಿದ ನೋವಿಗಿಂತ ಭಿನ್ನವಾದ, ಜಡವಾಗಿ ಎಳೆದಂತೆ, ಭಾರವಾದಂತೆ ಅನ್ನಿಸುವ ಅನುಭವವೊಂದು ಆಗುತ್ತದೆ. ಚೀನೀ ವೈದ್ಯರು ಅದಕ್ಕೆ ‘ದ ಚಿ’ ಎನ್ನುತ್ತಾರೆ. ಸೂಜಿಗಳಿಗೆ ತಂತಿ ಜೋಡಿಸಿ ಸಣ್ಣ ವಿದ್ಯುತ್ ಮಿಡಿತ ಕೊಡುವುದು ಎಲೆಕ್ಟ್ರೋ ಅಕ್ಯುಪಂಕ್ಚರ್.

ಚೀನಾದ ಪರಂಪರೆಯ ಪ್ರಕಾರ ದೇಹದಲ್ಲಿ ‘ಚಿ’ ಎಂಬ ಜೀವಶಕ್ತಿ ನಿರ್ದಿಷ್ಟ ಹಾದಿಗಳಲ್ಲಿ ಹರಿಯುತ್ತದೆ, ಅದು ತಡೆದು ನಿಂತಲ್ಲಿ ನೋವು ಹುಟ್ಟುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹುವಾಂಗ್‌ದಿ ನೇಜಿಂಗ್’ ಗ್ರಂಥದಲ್ಲಿ ಈ ವಿಚಾರದ ವಿಸ್ತಾರವಾದ ನಿರೂಪಣೆಯಿದೆ. ಈ ಹಾದಿಗಳ ಮೇಲೆ ಸೂಜಿ ಹಾಕಲು ಈಗ ಪ್ರಮಾಣೀಕೃತವಾಗಿರುವ ಬಿಂದುಗಳ ಸಂಖ್ಯೆ 361. ಇದನ್ನು ನಮ್ಮ ಆಯುರ್ವೇದದ ಮರ್ಮಗಳೊಂದಿಗೆ ಸಮೀಕರಿಸುವವರೂ ಇದ್ದಾರೆ, ಆದರೆ ಆ ಹೋಲಿಕೆಯಲ್ಲಿ ಎಚ್ಚರ ಬೇಕು. ಸುಶ್ರುತ ಸಂಹಿತೆ 107 ಮರ್ಮಗಳನ್ನು ಎಣಿಸುವುದು ಪೆಟ್ಟು ಬಿದ್ದರೆ ಅಪಾಯವಾಗುವ, ಶಸ್ತ್ರ ತಾಗದಂತೆ ಕಾಪಾಡಬೇಕಾದ ಸ್ಥಾನಗಳೆಂದು. ಸೂಜಿ ಚುಚ್ಚಬೇಕಾದ ಸ್ಥಾನಗಳೆಂದಲ್ಲ.

ಪಾಶ್ಚಾತ್ಯ ಜಗತ್ತಿನ ಕುತೂಹಲ ಕೆರಳಿದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋಗಿದ್ದಾಗ ಅಪೆಂಡಿಸೈಟಿಸ್ ಆಗಿ ಪೀಕಿಂಗಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಆನಂತರದ ಹೊಟ್ಟೆಯ ಬಾಧೆಗೆ ಅಲ್ಲಿಯ ವೈದ್ಯರು ಸೂಜಿ ಹಾಕಿದ ಅನುಭವವನ್ನು ಅವರು ಪತ್ರಿಕೆಯಲ್ಲಿ ಬರೆದರು. ಭಾರತಕ್ಕೆ ಈ ವಿದ್ಯೆ ಅದಕ್ಕೂ ಮೊದಲೇ ಬಂದಿತ್ತು. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರ ಹೆಸರು ನಮಗೆಲ್ಲ ಪರಿಚಿತ. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು.

ಫಿಸಿಯೋಥೆರಪಿಸ್ಟರು ಸೂಜಿ ಹಿಡಿದ ಬಗೆ ಸ್ವಲ್ಪ ಬೇರೆ. ಬ್ರಿಟನ್ನಿನಲ್ಲಿ ಅಕ್ಯುಪಂಕ್ಚರ್ ಕಲಿತ ಫಿಸಿಯೋಥೆರಪಿಸ್ಟರ ಸಂಘವೇ 1984ರಿಂದ ಇದೆ. ಅವರಲ್ಲಿ ಬಹುಪಾಲು ಜನ ಚಿ ಹರಿವಿನ ಭಾಷೆಯನ್ನು ಬಿಟ್ಟು ನರ ಮತ್ತು ಸ್ನಾಯುಗಳ ಭಾಷೆಯಲ್ಲಿ ಯೋಚಿಸುತ್ತಾರೆ. ಇನ್ನು ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿಯೂ ಈಗ ಬೋರ್ಡಿನ ಮೇಲೆ ಕಾಣುವ ‘ಡ್ರೈ ನೀಡ್ಲಿಂಗ್’ ಎಂಬುದಿದೆ. ಸೂಜಿ ಅದೇ, ಆದರೆ ಚುಚ್ಚುವುದು ಪರಂಪರೆಯ ಬಿಂದುಗಳಿಗಲ್ಲ, ಸ್ನಾಯುವಿನಲ್ಲಿ ಗಂಟು ಕಟ್ಟಿದಂತೆ ಬಿಗಿದು, ಒತ್ತಿದರೆ ಬೇರೆಡೆಗೂ ನೋವು ಹರಡಿಸುವ ಟ್ರಿಗರ್ ಪಾಯಿಂಟ್‌ಗಳಿಗೆ. ಅಂಥ ಗಂಟುಗಳಿಗೆ ಇಂಜೆಕ್ಷನ್ ಕೊಡುವಾಗ ಪರಿಣಾಮ ಬರುವುದು ಔಷಧದಿಂದಲೋ ಸೂಜಿಯಿಂದಲೋ ಎಂದು ಪ್ರಶ್ನಿಸಿ, ಬರೀ ಸೂಜಿಯಿಂದಲೂ ನೋವು ಇಳಿಯುತ್ತದೆಂದು 1979ರಲ್ಲಿ ಬರೆದವರು ಚೆಕ್ ವೈದ್ಯ ಕಾರೆಲ್ ಲೆವಿಟ್. ಅಕ್ಯುಪಂಕ್ಚರ್ ಮತ್ತು ಡ್ರೈ ನೀಡ್ಲಿಂಗ್ ನಡುವಿನ ಗಡಿಯ ಬಗ್ಗೆ ಎರಡೂ ಪಂಗಡದವರಲ್ಲಿ ಬಿರುಸಿನ ವಾದಗಳಿವೆ. ರೋಗಿಯ ದೃಷ್ಟಿಯಿಂದ ಆ ವಾದಕ್ಕಿಂತ ಸೂಜಿ ಹಿಡಿದ ಕೈಗೆ ಎಷ್ಟು ತರಬೇತಿಯಾಗಿದೆ ಎಂಬುದೇ ಮುಖ್ಯ.

ನೋವು ಇಳಿಯುವುದು ಹೇಗೆ

ನೋವು ಹಾನಿಯಾದ ಜಾಗದಿಂದ ಮಿದುಳಿಗೆ ನೇರವಾಗಿ ತಲುಪುವ ತಂತಿ ಸಂದೇಶವಲ್ಲ. ದಾರಿಯಲ್ಲಿ ಬೆನ್ನುಹುರಿಯಲ್ಲಿ ಅದನ್ನು ತಗ್ಗಿಸುವ, ಹೆಚ್ಚಿಸುವ ವ್ಯವಸ್ಥೆಯಿದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಪ್ರತಿಪಾದಿಸಿದರು. ಎಡವಿದ ಕಾಲ್ಬೆರಳನ್ನು ನಾವು ತಕ್ಷಣ ಉಜ್ಜಿಕೊಳ್ಳುವುದೂ, ಉಜ್ಜಿದಾಗ ಹಾಯೆನಿಸುವುದೂ ಈ ವ್ಯವಸ್ಥೆಯ ಒಂದು ಮುಖ. ಇದಲ್ಲದೆ ಮಿದುಳಿನಿಂದ ಕೆಳಮುಖವಾಗಿ ಬಂದು ನೋವನ್ನು ಅದುಮುವ ಮಾರ್ಗಗಳೂ ಇವೆ. ಅಲ್ಲಿ ದೇಹವೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು ಕೆಲಸ ಮಾಡುತ್ತವೆ. ಸೂಜಿಯಿಂದ ಬಂದ ಶಮನವನ್ನು ನಾಲೊಕ್ಸೋನ್ ಎಂಬ, ಅಫೀಮು ವರ್ಗದ ಔಷಧಗಳ ಪರಿಣಾಮವನ್ನು ತಡೆಯುವ ಮದ್ದು ತಗ್ಗಿಸಬಲ್ಲದೆಂದು ಎಪ್ಪತ್ತರ ದಶಕದ ಪ್ರಯೋಗಗಳು ತೋರಿಸಿದಾಗ, ಈ ರಾಸಾಯನಿಕಗಳ ಪಾತ್ರದ ಸುಳಿವು ಸಿಕ್ಕಿತು. ಬೀಜಿಂಗಿನ ಹಾನ್ ಜಿಶೆಂಗ್ ಅವರ ಪ್ರಯೋಗಶಾಲೆ ಇದನ್ನು ದಶಕಗಳ ಕಾಲ ಬೆನ್ನಟ್ಟಿ, ಸೆಕೆಂಡಿಗೆ 2 ಮಿಡಿತದ ವಿದ್ಯುತ್ ಒಂದು ಬಗೆಯ ರಾಸಾಯನಿಕವನ್ನೂ 100 ಮಿಡಿತದ ವಿದ್ಯುತ್ ಇನ್ನೊಂದು ಬಗೆಯದನ್ನೂ ಹೊರಡಿಸುತ್ತದೆಂದು ವರದಿ ಮಾಡಿತು. 2010ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮಂಡಿಯ ಬಳಿ ಸೂಜಿ ಹಾಕಿ ತಿರುಗಿಸಿದಾಗ ಆ ಜಾಗದಲ್ಲಿ ಅಡೆನೊಸಿನ್ ಎಂಬ ವಸ್ತು ಹಲವು ಪಟ್ಟು ಹೆಚ್ಚಿ, ಹತ್ತಿರದ ನೋವಿನ ನರಗಳನ್ನು ಶಾಂತಗೊಳಿಸಿದ್ದನ್ನು ಕಂಡರು.

ಆದ್ದರಿಂದ ಸೂಜಿ ದೇಹದಲ್ಲಿ ಏನನ್ನೂ ಮಾಡುವುದಿಲ್ಲ ಎನ್ನುವುದು ಸರಿಯಲ್ಲ. ಆದರೆ ಇಲಿಯ ಪಾದದ ನೋವು ಅರ್ಧ ತಾಸು ಇಳಿಯುವುದಕ್ಕೂ ಅರವತ್ತು ವರ್ಷದವರೊಬ್ಬರ ಸವೆದ ಮಂಡಿ ಆರು ತಿಂಗಳ ಮಟ್ಟಿಗೆ ಸುಧಾರಿಸುವುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ಅಳೆಯಬೇಕಾದರೆ ಮನುಷ್ಯರ ಮೇಲೆ, ದೊಡ್ಡ ಸಂಖ್ಯೆಯಲ್ಲಿ, ಹೋಲಿಕೆಯ ಗುಂಪನ್ನಿಟ್ಟು ನಡೆಸಿದ ಅಧ್ಯಯನಗಳನ್ನೇ ನೋಡಬೇಕು.

ಹುಸಿ ಸೂಜಿಯ ಒಗಟು

ಮಾತ್ರೆಯನ್ನು ಪರೀಕ್ಷಿಸುವಾಗ ಸಕ್ಕರೆ ಗುಳಿಗೆಯೊಂದಿಗೆ ಹೋಲಿಸಬಹುದು. ಸೂಜಿಗೆ ಸಕ್ಕರೆ ಗುಳಿಗೆ ಎಲ್ಲಿಂದ ತರುವುದು? ಸಂಶೋಧಕರು ಎರಡು ಉಪಾಯ ಕಂಡುಕೊಂಡರು. ಪರಂಪರೆಯ ಬಿಂದುಗಳನ್ನು ಬಿಟ್ಟು ಬೇರೆ ಜಾಗದಲ್ಲಿ ಮೇಲುಮೇಲಾಗಿ ಚುಚ್ಚುವುದು ಒಂದು. ಇನ್ನೊಂದು, 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಪರಿಚಯಿಸಿದ ಸೂಜಿ: ಅದರ ತುದಿ ಮೊಂಡು, ಒತ್ತಿದಾಗ ನಾಟಕದ ಕತ್ತಿಯಂತೆ ತನ್ನದೇ ಹಿಡಿಯೊಳಗೆ ಸರಿಯುತ್ತದೆ, ಚುಚ್ಚಿದಂತೆ ಅನ್ನಿಸಿದರೂ ಚರ್ಮವನ್ನು ದಾಟುವುದಿಲ್ಲ.

ದೀರ್ಘಕಾಲದ ಸೊಂಟ ನೋವಿನ 1162 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಈ ಕ್ಷೇತ್ರದ ಎಲ್ಲ ಗೊಂದಲವನ್ನೂ ಒಂದೇ ಕಡೆ ತೋರಿಸುತ್ತದೆ. ಆರು ತಿಂಗಳ ನಂತರ ಗಮನಾರ್ಹ ಸುಧಾರಣೆ ಕಂಡವರು ನಿಜವಾದ ಅಕ್ಯುಪಂಕ್ಚರ್ ಗುಂಪಿನಲ್ಲಿ ಶೇ 47.6, ಹುಸಿ ಅಕ್ಯುಪಂಕ್ಚರ್ ಗುಂಪಿನಲ್ಲಿ ಶೇ 44.2. ಔಷಧ, ಫಿಸಿಯೋಥೆರಪಿ, ವ್ಯಾಯಾಮಗಳನ್ನೊಳಗೊಂಡ ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿ ಶೇ 27.4. ಅಕ್ಯುಪಂಕ್ಚರ್ ವಾಡಿಕೆಯ ಚಿಕಿತ್ಸೆಯನ್ನು ಬಹಳ ಹಿಂದೆ ಹಾಕಿದೆ ಎಂದು ಇದನ್ನು ಓದಬಹುದು. ಎಲ್ಲಿ ಚುಚ್ಚಿದರೂ ಒಂದೇ ಎಂದೂ ಓದಬಹುದು. ಎರಡೂ ಓದು ಸರಿಯೇ. ಇದರಿಂದ ನನಗೆ ಖಚಿತವಾಗಿ ತೋರುವುದೆಂದರೆ, ಬಿಂದುಗಳ ನಿಖರ ಸ್ಥಾನದ ಬಗ್ಗೆ ಮಾಡಲಾಗುವ ದೊಡ್ಡ ಪ್ರತಿಪಾದನೆಗಳಿಗೆ ಆಧಾರ ಬಲು ತೆಳು ಎಂಬುದು. ಪರಿಣಾಮದ ದೊಡ್ಡ ಪಾಲು ಬರುವುದು ಬಹುಶಃ ಚರ್ಮಕ್ಕಾಗುವ ಸ್ಪರ್ಶ ಮತ್ತು ಚುಚ್ಚುವಿಕೆಯಿಂದ, ಅರ್ಧ ತಾಸು ಅಲುಗಾಡದೆ ವಿಶ್ರಮಿಸುವುದರಿಂದ, ಒಬ್ಬರು ತನ್ನ ನೋವನ್ನು ಗಮನವಿಟ್ಟು ಕೇಳಿದರೆಂಬ ಸಮಾಧಾನದಿಂದ, ಗುಣವಾಗುತ್ತದೆಂಬ ನಿರೀಕ್ಷೆಯಿಂದ.

ಈಗ ಮಂಡಿಯ ವಿಷಯಕ್ಕೆ ಬರೋಣ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ನಾಡೀನ್ ಫಾಸ್ಟರ್ ಮತ್ತು ಸಂಗಡಿಗರು, ಮಿಡ್‌ಲ್ಯಾಂಡ್ಸ್ ಪ್ರದೇಶದ 37 ಫಿಸಿಯೋಥೆರಪಿ ಕೇಂದ್ರಗಳಲ್ಲಿ, 50 ವರ್ಷ ದಾಟಿದ 352 ಮಂಡಿ ಸವೆತದ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಎಲ್ಲರಿಗೂ ಸಲಹೆ ಮತ್ತು ವ್ಯಾಯಾಮ ದೊರೆಯಿತು. ಒಂದು ಗುಂಪಿಗೆ ಅಷ್ಟೇ; ಎರಡನೆಯ ಗುಂಪಿಗೆ ಅದರ ಜೊತೆ ನಿಜವಾದ ಅಕ್ಯುಪಂಕ್ಚರ್, ಮೂರನೆಯದಕ್ಕೆ ಚರ್ಮ ದಾಟದ ಹುಸಿ ಸೂಜಿ. ಸೂಜಿ ಹಾಕಿದವರು ಅಕ್ಯುಪಂಕ್ಚರ್ ತರಬೇತಿ ಪಡೆದ ಫಿಸಿಯೋಥೆರಪಿಸ್ಟರೇ. 20 ಅಂಕಗಳ ನೋವಿನ ಮಾಪನದಲ್ಲಿ ಆರು ತಿಂಗಳ ನಂತರ ಮೊದಲ ಗುಂಪಿನ ನೋವು ಸರಾಸರಿ 2.28 ಅಂಕ, ಎರಡನೆಯದರದ್ದು 2.32, ಮೂರನೆಯದರದ್ದು 2.53 ಅಂಕ ಇಳಿದಿತ್ತು. ಅಂದರೆ ವ್ಯಾಯಾಮಕ್ಕೆ ಸೂಜಿ ಸೇರಿಸಿದ್ದರಿಂದ ಆರು ತಿಂಗಳ ಹೊತ್ತಿಗೆ ಹೆಚ್ಚುವರಿ ಲಾಭ ಉಳಿದಿರಲಿಲ್ಲ. ಆದರೆ ನೋವಿನ ತೀವ್ರತೆಯನ್ನು ಬೇರೆಯಾಗಿ ಕೇಳಿದಾಗ ಎರಡನೆಯ ಮತ್ತು ಆರನೆಯ ವಾರದಲ್ಲಿ ಅಕ್ಯುಪಂಕ್ಚರ್ ಗುಂಪಿನವರಿಗೆ ಸಣ್ಣ ಪ್ರಮಾಣದ ಹೆಚ್ಚಿನ ಶಮನವಿತ್ತು. ಅಚ್ಚರಿಯೆಂದರೆ ಹುಸಿ ಸೂಜಿಯ ಗುಂಪಿನಲ್ಲಿ ಆ ಸಣ್ಣ ಶಮನ ಮುಂದಿನ ಅಳತೆಗಳಲ್ಲೂ ಉಳಿದಿತ್ತು.

ಹೆಚ್ಚು ವಿಸ್ತಾರವಾದ ಲೆಕ್ಕವೂ ಇದೆ. 39 ಅಧ್ಯಯನಗಳ 20,827 ರೋಗಿಗಳ ಮೂಲ ಮಾಹಿತಿಯನ್ನೇ ಒಟ್ಟುಗೂಡಿಸಿ ಆಂಡ್ರ್ಯೂ ವಿಕರ್ಸ್ ಮತ್ತವರ ಸಹವರ್ತಿಗಳು 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೂಜಿಯೇ ಇಲ್ಲದ ಗುಂಪಿನೊಂದಿಗೆ ಹೋಲಿಸಿದರೆ ಅಕ್ಯುಪಂಕ್ಚರ್‌ನ ಪರಿಣಾಮ ಮಧ್ಯಮ ಪ್ರಮಾಣದ್ದು, ಹುಸಿ ಸೂಜಿಯೊಂದಿಗೆ ಹೋಲಿಸಿದರೆ ಚಿಕ್ಕದು, ಆದರೆ ಸೊನ್ನೆಯಲ್ಲ. ಸಿಕ್ಕ ಶಮನದ ಬಹುಭಾಗ ಒಂದು ವರ್ಷದವರೆಗೂ ಉಳಿಯುತ್ತದೆಂದು ಅವರು ಕಂಡರು. ಸರಾಸರಿ ಶೇ 15ರಷ್ಟು ಮಾತ್ರ ಕರಗುತ್ತದೆ. ಫಾಸ್ಟರ್ ಅವರ ಫಲಿತಾಂಶಕ್ಕೂ ಇದಕ್ಕೂ ಪೂರ್ತಿ ಹೊಂದಾಣಿಕೆಯಿಲ್ಲ. ಫಾಸ್ಟರ್ ಅಧ್ಯಯನದಲ್ಲಿ ಹೆಚ್ಚೆಂದರೆ ಆರು ಸಲ ಸೂಜಿ ಹಾಕಿದ್ದರು ಎಂಬುದು ಒಂದು ವ್ಯತ್ಯಾಸ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ತೂಕದ ವ್ಯತ್ಯಾಸವೆಂದರೆ, ಅಲ್ಲಿ ಹೋಲಿಕೆಗೆ ನಿಂತಿದ್ದದ್ದು ಸುಮ್ಮನೆ ಕಾಯುತ್ತಿದ್ದವರಲ್ಲ, ಒಳ್ಳೆಯ ವ್ಯಾಯಾಮ ಪಡೆಯುತ್ತಿದ್ದವರು.

ಒಂದೇ ಸಾಕ್ಷ್ಯ, ಬೇರೆ ಬೇರೆ ತೀರ್ಪು

ಈ ಸಾಕ್ಷ್ಯವನ್ನೇ ಮುಂದಿಟ್ಟುಕೊಂಡು ತಜ್ಞರ ಸಮಿತಿಗಳು ಭಿನ್ನ ತೀರ್ಮಾನಕ್ಕೆ ಬಂದಿವೆ. ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2009ರಲ್ಲಿ ಸೊಂಟ ನೋವಿಗೆ ಹತ್ತು ಸಿಟ್ಟಿಂಗ್‌ವರೆಗೆ ಅಕ್ಯುಪಂಕ್ಚರ್ ನೀಡಬಹುದೆಂದಿತ್ತು; 2016ರಲ್ಲಿ ಆ ಸಲಹೆಯನ್ನು ಹಿಂತೆಗೆದುಕೊಂಡು ನೀಡಬೇಡಿ ಎಂದಿತು. ಕೀಲು ಸವೆತಕ್ಕೂ 2022ರಲ್ಲಿ ಬೇಡವೆಂದೇ ಹೇಳಿತು. ನಡುವೆ 2021ರಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಮಾತ್ರ ಪರಿಗಣಿಸಬಹುದು ಎಂದಿತು. ಅತ್ತ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲಿ ಮಂಡಿ ಸವೆತಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು, 2020ರಿಂದ ಅಲ್ಲಿಯ ಸರ್ಕಾರಿ ವಿಮೆ ಮೆಡಿಕೇರ್ ದೀರ್ಘಕಾಲದ ಸೊಂಟ ನೋವಿಗೆ 90 ದಿನಗಳಲ್ಲಿ 12 ಸಿಟ್ಟಿಂಗ್‌ಗಳ ವೆಚ್ಚ ಭರಿಸತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಇದನ್ನು ಒಂದು ಆಯ್ಕೆಯಾಗಿ ಸೇರಿಸಿತು.

ಈ ಭಿನ್ನಮತದ ಬೇರು ಹೋಲಿಕೆಯ ಆಯ್ಕೆಯಲ್ಲಿದೆ. ಹುಸಿ ಸೂಜಿಗಿಂತ ಸಾಕಷ್ಟು ಮೇಲಿರಲೇಬೇಕು ಎನ್ನುವವರಿಗೆ ಅಕ್ಯುಪಂಕ್ಚರ್ ಸೋಲುತ್ತದೆ. ಈಗ ದೊರೆಯುತ್ತಿರುವ ಆರೈಕೆಗಿಂತ ರೋಗಿಗೆ ಹಿತವಾದರೆ ಸಾಕು ಎನ್ನುವವರಿಗೆ ಅದು ಗೆಲ್ಲುತ್ತದೆ. ಸಾರ್ವಜನಿಕ ಹಣ ಖರ್ಚು ಮಾಡುವ ಸರ್ಕಾರಕ್ಕೆ ಮೊದಲನೆಯ ಪ್ರಶ್ನೆ ನ್ಯಾಯವಾದದ್ದು. ಆದರೆ ಮೂರು ವಾರದಿಂದ ರಾತ್ರಿ ನಿದ್ದೆಯಿಲ್ಲದೆ ಮಂಡಿ ಹಿಡಿದುಕೊಂಡು ಕೂತವರು ಎರಡನೆಯದನ್ನು ಕೇಳಿದರೆ ಅದನ್ನು ತಪ್ಪೆನ್ನಲು ನನಗೆ ಸಾಧ್ಯವಿಲ್ಲ.

ಜೊತೆಗೂಡಿಸುವುದಾದರೆ ಹೇಗೆ

ಸಾಕ್ಷ್ಯವನ್ನು ಹೀಗೆ ತೂಗಿ ನೋಡಿದಾಗ ಸೂಜಿಯ ಸ್ಥಾನ ಸ್ವಲ್ಪ ಸ್ಪಷ್ಟವಾಗುತ್ತದೆ. ವ್ಯಾಯಾಮವನ್ನು ಈಗಾಗಲೇ ಸರಾಗವಾಗಿ ಮಾಡುತ್ತ, ವಾರದಿಂದ ವಾರಕ್ಕೆ ಮುಂದೆ ಹೋಗುತ್ತಿರುವವರಿಗೆ ಅಕ್ಯುಪಂಕ್ಚರ್ ಸೇರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆ ಹಣ ಮತ್ತು ಸಮಯವನ್ನು ವ್ಯಾಯಾಮ ಮುಂದುವರಿಸುವುದಕ್ಕೆ ಇಡುವುದು ಮೇಲು. ನೋವಿನಿಂದಾಗಿ ವ್ಯಾಯಾಮವನ್ನು ಆರಂಭಿಸಲೇ ಆಗದವರ, ಅಥವಾ ಮಾತ್ರೆ ತೆಗೆದುಕೊಳ್ಳುವಂತಿಲ್ಲದವರ ಮಾತು ಬೇರೆ. ಮೊದಲ ಕೆಲವು ವಾರಗಳಲ್ಲಿ ಸಿಗುವ ಸಣ್ಣ ಶಮನವೇ ಅವರಿಗೆ ಬೇಕಾಗಿರುವುದು. ಆ ಶಮನವನ್ನು ಖರ್ಚು ಮಾಡುವ ರೀತಿಯಲ್ಲಿ ಇಡೀ ಚಿಕಿತ್ಸೆಯ ಯಶಸ್ಸು ನಿಂತಿದೆ. ಸೂಜಿ ತೆಗೆದ ಮೇಲೆ ಹಗುರವಾದ ಮಂಡಿಯನ್ನು ಮನೆಗೆ ಒಯ್ದು ಸೋಫಾದ ಮೇಲೆ ಚಾಚಿದರೆ ಆ ದಿನದ ಸುಖ ಆ ದಿನಕ್ಕೇ ಮುಗಿಯಿತು. ಅದೇ ಹೊತ್ತಿನಲ್ಲಿ, ಸ್ವಲ್ಪ ಸುಧಾರಿಸಿಕೊಂಡು, ಕುರ್ಚಿಯಿಂದ ಏಳುವ ಕೂರುವ ವ್ಯಾಯಾಮವನ್ನೋ ಮೆಟ್ಟಿಲು ಹತ್ತುವ ಅಭ್ಯಾಸವನ್ನೋ ಫಿಸಿಯೋಥೆರಪಿಸ್ಟರ ಕಣ್ಣೆದುರಿಗೆ ಮಾಡಿದರೆ, ನೋವಿನ ಭಯದಿಂದ ಮಲಗಿದ್ದ ಸ್ನಾಯುವಿಗೆ ಕೆಲಸ ಸಿಗುತ್ತದೆ.

ಅಳತೆಯೂ ಅದಕ್ಕೆ ತಕ್ಕಂತಿರಬೇಕು. ‘ಹೇಗನ್ನಿಸುತ್ತದೆ’ ಎಂದಷ್ಟೇ ಕೇಳದೆ, ಮೊದಲ ದಿನವೇ ಕೆಲವು ಲೆಕ್ಕಗಳನ್ನು ಬರೆದಿಡುವುದು ಒಳ್ಳೆಯದು: 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳಲಾಗುತ್ತದೆ, ನಿಲ್ಲದೆ ಎಷ್ಟು ದೂರ ನಡೆಯಲಾಗುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ನೆಲದ ಮೇಲೆ ಕೂತು ಏಳುವುದು ಸಾಧ್ಯವೇ. ಆರು ಸಿಟ್ಟಿಂಗ್ ಆದ ಮೇಲೆ ಈ ಲೆಕ್ಕಗಳಲ್ಲಿ ಏನೂ ಅಲುಗದಿದ್ದರೆ ಸೂಜಿಯನ್ನು ನಿಲ್ಲಿಸುವುದು ಸರಿ. ಇಪ್ಪತ್ತು, ಮೂವತ್ತು ಸಿಟ್ಟಿಂಗ್‌ಗಳ ಹಣವನ್ನು ಮುಂಗಡವಾಗಿ ಕೇಳುವ ಕಡೆ ಕಟ್ಟದಿರುವುದು ಲೇಸು, ಏಕೆಂದರೆ ಯಾರಿಗೆ ಹಿತವಾಗುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳಬಲ್ಲ ವಿಧಾನವಿಲ್ಲ. ಸವೆದ ಮೃದ್ವಸ್ಥಿ ಸೂಜಿಯಿಂದ ಮತ್ತೆ ಬೆಳೆಯುತ್ತದೆ ಎಂಬ ಭರವಸೆಗೂ ಆಧಾರವಿಲ್ಲ.

ಸೂಜಿಗೂ ವ್ಯಾಯಾಮಕ್ಕೂ ಮೊದಲು ವೈದ್ಯರನ್ನೇ ಕಾಣಬೇಕಾದ ಲಕ್ಷಣಗಳಿವೆ. ಮಂಡಿ ದಿಢೀರನೆ ಕೆಂಪಾಗಿ ಊದಿಕೊಂಡು ಜ್ವರ ಬಂದಿದ್ದರೆ ಅದು ಕೀಲಿನ ಸೋಂಕಾಗಿರಬಹುದು. ಬೆನ್ನು ನೋವಿನೊಂದಿಗೆ ಪಾದ ಎತ್ತಲಾಗದಿರುವುದು, ತೊಡೆಯ ಸಂದಿಯಲ್ಲಿ ಮರಗಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು ತುರ್ತು ಪರಿಸ್ಥಿತಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದು ರಾತ್ರಿ ಹೊತ್ತು ಮೂಳೆ ನೋಯುತ್ತಿದ್ದರೂ ಪರೀಕ್ಷೆ ಮೊದಲು.

ಯಾರ ಕೈಯಲ್ಲಿ ಸೂಜಿ

ಭಾರತ ಸರ್ಕಾರ ಅಕ್ಯುಪಂಕ್ಚರನ್ನು 2003ರ ನವೆಂಬರ್‌ನಲ್ಲಿ ಒಂದು ಚಿಕಿತ್ಸಾ ವಿಧಾನವಾಗಿಯೂ, 2019ರ ಫೆಬ್ರುವರಿಯಲ್ಲಿ ಸ್ವತಂತ್ರ ಪದ್ಧತಿಯಾಗಿಯೂ ಮಾನ್ಯ ಮಾಡಿತು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆಂದು ಕಾಯ್ದೆ ಮಾಡಿದೆ. ಕರ್ನಾಟಕದಲ್ಲಿ ಬಹಳ ಜನ ಅಕ್ಯುಪಂಕ್ಚರನ್ನು ಮೊದಲು ಕಾಣುವುದು ಪ್ರಕೃತಿ ಚಿಕಿತ್ಸಾಲಯಗಳಲ್ಲಿ, ಏಕೆಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಅದು ಸೇರಿದೆ. ಉಜಿರೆಯಲ್ಲಿ 1989ರಿಂದಲೂ ಈ ಶಿಕ್ಷಣ ನಡೆಯುತ್ತಿದೆ. ಫಿಸಿಯೋಥೆರಪಿಸ್ಟರನ್ನು ನಿಯಂತ್ರಿಸುವ ಕೇಂದ್ರ ಕಾಯ್ದೆ ಬಂದಿರುವುದು 2021ರಲ್ಲಿ. ಪದವಿಯ ನಂತರ ಪ್ರತ್ಯೇಕ ತರಬೇತಿಗಳಲ್ಲಿ ಸೂಜಿ ಕಲಿತವರು ಅವರಲ್ಲಿದ್ದಾರೆ. ಆ ತರಬೇತಿಗಳ ಅವಧಿಯಲ್ಲಿ ಅಜಗಜಾಂತರವಿದೆ, ಒಂದೆರಡು ದಿನದ ಶಿಬಿರದಿಂದ ತಿಂಗಳುಗಟ್ಟಲೆಯ ಅಭ್ಯಾಸದವರೆಗೆ. ಆದ್ದರಿಂದ ಎಲ್ಲಿ ಕಲಿತಿರಿ, ಎಷ್ಟು ಕಾಲ ಕಲಿತಿರಿ ಎಂದು ಕೇಳುವುದು ಅವಮಾನವಲ್ಲ. ಬಲ್ಲವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ತರಬೇತಿ ಪಡೆದವರ ಕೈಯಲ್ಲಿ ಅಪಾಯ ಕಡಿಮೆ. ಜರ್ಮನಿಯಲ್ಲಿ ವೈದ್ಯರಿಂದ ಅಕ್ಯುಪಂಕ್ಚರ್ ಪಡೆದ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಶೇ 8.6ರಷ್ಟು ಜನ ಒಂದಾದರೂ ತೊಂದರೆಯನ್ನು ವರದಿ ಮಾಡಿದರು. ಬಹುತೇಕ ಅವು ಸಣ್ಣ ರಕ್ತಸ್ರಾವ, ನೀಲಿಗಟ್ಟುವಿಕೆ, ನೋವು. ಶ್ವಾಸಕೋಶಕ್ಕೆ ಚುಚ್ಚಿ ಗಾಳಿ ಸೋರಿದ ಪ್ರಸಂಗ ಇಬ್ಬರಲ್ಲಿ. ಸೂಜಿ ಮೊಹರು ಮಾಡಿದ ಪೊಟ್ಟಣದಿಂದ ನಿಮ್ಮೆದುರಿಗೇ ಹೊರಬರಬೇಕು, ಒಮ್ಮೆ ಬಳಸಿದ ಮೇಲೆ ಎಸೆಯಬೇಕು. ಸರಿಯಾಗಿ ಶುದ್ಧಗೊಳಿಸದ ಸೂಜಿಗಳಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳು ಹಿಂದೆ ಬೇರೆ ದೇಶಗಳಲ್ಲಿ ಆಗಿವೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು, ಅಪಸ್ಮಾರ ಇರುವವರು ಅದನ್ನು ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ವಿದ್ಯುತ್ ಜೋಡಿಸುವುದು ಬೇಡ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರ ಕಾಲಿಗೆ ಸೂಜಿ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು, ಅಲ್ಲಿ ಸಣ್ಣ ಗಾಯವೂ ಗೊತ್ತಾಗದೆ ಕೀವುಗಟ್ಟಬಹುದು. ಮೊದಲ ಸಲ ಸೂಜಿ ಹಾಕಿಸಿಕೊಳ್ಳುವವರಿಗೆ ತಲೆಸುತ್ತು ಬರುವುದುಂಟು. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಹೋಗದೆ, ಕುಳಿತುಕೊಳ್ಳುವ ಬದಲು ಮಲಗಿಯೇ ಚಿಕಿತ್ಸೆ ಪಡೆಯಬೇಕು.

ಮಂಡಿಯ ಸುತ್ತ ಚುಚ್ಚುವುದಕ್ಕಿಂತ ಕುತ್ತಿಗೆಯ ಬುಡ, ಭುಜದ ಮೇಲ್ಭಾಗ, ಬೆನ್ನಿನ ಪಕ್ಕೆ ಮತ್ತು ಎದೆಯ ಭಾಗದಲ್ಲಿ ಚುಚ್ಚುವಾಗ ಹೆಚ್ಚಿನ ಕೌಶಲ ಬೇಕು, ಅಲ್ಲಿ ಶ್ವಾಸಕೋಶ ಚರ್ಮದಿಂದ ಹೆಚ್ಚು ದೂರವಿರುವುದಿಲ್ಲ, ತೆಳ್ಳಗಿನವರಲ್ಲಂತೂ ಇನ್ನೂ ಹತ್ತಿರ. ಆ ಭಾಗಗಳಿಗೆ ಸೂಜಿ ಹಾಕಿಸಿಕೊಂಡ ಮೇಲೆ, ಅದು ಕೆಲವು ತಾಸು ಕಳೆದ ನಂತರವಾದರೂ ಸರಿ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾದರೆ ಅಥವಾ ಮೇಲುಸಿರು ಬರತೊಡಗಿದರೆ, ಚಿಕಿತ್ಸೆಯ ಆಯಾಸವಿರಬಹುದೆಂದು ಮಲಗಿ ಕಾಯದೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಸೂಜಿ ಹಾಕಿಸಿಕೊಂಡಿದ್ದನ್ನು ಅಲ್ಲಿಯ ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು.